ಸ್ಪ್ಯಾನಿಷ್ 3 ಮುಗಿಯುತ್ತಿದೆ, ಮುಂದೆ ಬಿಡಬಹುದಾ? ಕಾಲೇಜ್ ಅಡ್ಮಿಷನ್‌ಗೆ ಪೆಟ್ಟು ಬೀಳುತ್ತಾ?

ಟ್ರೈವ್ಯಾಲಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಹೈಸ್ಕೂಲು, 10ನೇ ಕ್ಲಾಸು. ಮುಂದಿನ ವರ್ಷದ ಸಬ್ಜೆಕ್ಟ್ ಆರಿಸುವ ಫಾರ್ಮ್ ಬಂದಿದೆ. ಸ್ಪ್ಯಾನಿಷ್ 1 ಮಿಡಲ್ ಸ್ಕೂಲಿನಲ್ಲೇ ಮುಗಿಸಿದ್ದಳು. 9ರಲ್ಲಿ 2, ಈಗ 3 ನಡೀತಿದೆ. ಇಲ್ಲಿಗೆ ಸಾಕು ಅನ್ನುತ್ತಾಳೆ. ಆ ಪೀರಿಯಡ್ಡಿಗೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜ್ ಮಟ್ಟದ ಕೋರ್ಸು) ಕಂಪ್ಯೂಟರ್ ಸೈನ್ಸ್ ಬೇಕಂತೆ.

ನಮ್ಮ ಯಜಮಾನರು "ಇಂಜಿನಿಯರಿಂಗ್ ಓದುವವಳಿಗೆ ಸ್ಪ್ಯಾನಿಷ್ ಕಟ್ಟಿಕೊಂಡು ಏನಾಗಬೇಕು, ಬಿಡಲಿ" ಅನ್ನುತ್ತಾರೆ. ಪಕ್ಕದ ಮನೆಯವರು "ನಾಲ್ಕು ವರ್ಷ ಒಂದೇ ಭಾಷೆ ಇಲ್ಲದಿದ್ದರೆ ದೊಡ್ಡ ಕಾಲೇಜಿನವರು ಫೈಲ್ ಮುಟ್ಟಿಯೂ ನೋಡಲ್ಲ" ಎಂದು ಹೆದರಿಸಿ ಹೋಗಿದ್ದಾರೆ. ಅವಳ ಪಟ್ಟಿಯಲ್ಲಿ ಬರ್ಕ್ಲಿ, ಯುಸಿಎಲ್‌ಎ, ಸ್ಟ್ಯಾನ್‌ಫರ್ಡ್, ಎಂಐಟಿ ಇವೆ. ಇನ್ನೂ ಗಟ್ಟಿ ಪಟ್ಟಿ ಏನಲ್ಲ.

ಇನ್ನೊಂದು ಪ್ರಶ್ನೆ. ಮನೆಯಲ್ಲಿ ನಾವು ಮಾತಾಡುವುದು ಕನ್ನಡವೇ. ಭಾನುವಾರದ ಕನ್ನಡ ಶಾಲೆಗೂ ಬಹಳ ವರ್ಷ ಹೋಗಿದ್ದಾಳೆ. ಅದೇನಾದರೂ ಲೆಕ್ಕಕ್ಕೆ ಬರುತ್ತಾ?

ರಾಲಿ ರಾಗಿಮುದ್ದೆ:

ಬಿಡಲಿ ಬಿಡಿ ಅಕ್ಕ. ಕೋಡಿಂಗ್ ಬಂದರೆ ಸಾಕು. ಅದೂ ಒಂದು ಭಾಷೆಯೇ ಅಲ್ವಾ 😀

ಎರಡು ಮಕ್ಕಳ ಅಪ್ಪ:

ರಾಗಿಮುದ್ದೆಯವರೇ, ತಮಾಷೆಗೆ ಹೇಳಿದ್ದರೂ ಅದನ್ನು ನಿಜ ಅಂದುಕೊಂಡವರಿದ್ದಾರೆ. ಫ್ಲೋರಿಡಾದಲ್ಲಿ 2016ರಲ್ಲಿ ಕೋಡಿಂಗನ್ನು ವಿದೇಶಿ ಭಾಷೆಯ ಜಾಗದಲ್ಲಿ ಲೆಕ್ಕ ಹಾಕಲಿ ಎಂದು ಮಸೂದೆಯೇ ಬಂದಿತ್ತು, ಪಾಸಾಗಲಿಲ್ಲ. ಯುಸಿಯವರು, ಅಂದರೆ ಬರ್ಕ್ಲಿ, ಯುಸಿಎಲ್‌ಎ ಎಲ್ಲ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು, ಭಾಷೆಯ ಜಾಗಕ್ಕೆ ಕೋಡಿಂಗ್ ಒಪ್ಪುವುದಿಲ್ಲ. ಲ್ಯಾಟಿನ್ ಒಪ್ಪುತ್ತಾರೆ, ಅಮೆರಿಕನ್ ಸೈನ್ ಲ್ಯಾಂಗ್ವೇಜ್ ಒಪ್ಪುತ್ತಾರೆ. ಪೈಥಾನ್ ಇಲ್ಲ.

ಟ್ರೈವ್ಯಾಲಿ ಮೇಡಂ, ನನ್ನ ಇಬ್ಬರು ಮಕ್ಕಳದ್ದೂ ಈ ಗಲಾಟೆ ಮುಗಿದಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಬರೆದುಕೊಂಡಿರುವುದನ್ನು ನೋಡಿ. ಪಕ್ಕದ ಮನೆಯವರದ್ದು ಆಮೇಲೆ. ಯುಸಿ ಕ್ಯಾಂಪಸ್ಸುಗಳಿಗೆಲ್ಲ ಒಂದೇ ನಿಯಮ: ಹೈಸ್ಕೂಲಿನಲ್ಲಿ ಓದಿರಬೇಕಾದ ಸಬ್ಜೆಕ್ಟುಗಳ ಎ-ಜಿ ಪಟ್ಟಿಯಲ್ಲಿ 'ಇ' ಅಂತ ಇರುವುದೇ ಭಾಷೆ. ಎರಡು ವರ್ಷ ಕಡ್ಡಾಯ, ಮೂರು ಇದ್ದರೆ ಒಳ್ಳೆಯದು ಅನ್ನುತ್ತಾರೆ. ಎಂಐಟಿ ಎರಡು ವರ್ಷ ಸೂಚಿಸುತ್ತದೆ. ಸ್ಟ್ಯಾನ್‌ಫರ್ಡ್ ಒಂದೇ ಭಾಷೆಯಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ. ನಾಲ್ಕು ವರ್ಷ ಅನ್ನುವುದು ಹಾರ್ವರ್ಡ್, ಪ್ರಿನ್ಸ್‌ಟನ್‌ನವರು. ಅವರೂ 'ಕಡ್ಡಾಯ' ಅನ್ನುವುದಿಲ್ಲ, 'ಇದ್ದರೆ ಚೆನ್ನ' ಎನ್ನುವ ಧಾಟಿ. ಆದರೆ ನೂರು ಅರ್ಜಿಯಲ್ಲಿ ಐದನ್ನೂ ತೆಗೆದುಕೊಳ್ಳದ ಕಾಲೇಜು 'ಇದ್ದರೆ ಚೆನ್ನ' ಅಂದರೆ, ಪಕ್ಕದ ಅರ್ಜಿಯಲ್ಲಿ ಅದು ಇದ್ದೇ ಇರುತ್ತದೆ ಅಂತ ಅರ್ಥ ಮಾಡಿಕೊಳ್ಳಬೇಕು.

ಹೆಚ್ಚಿನ ಕಾಲೇಜುಗಳು 'ಕಾಮನ್ ಡೇಟಾ ಸೆಟ್' ಎಂಬ ದಾಖಲೆ ಹಾಕುತ್ತವೆ. ಅದರ ಸಿ5 ಕೋಷ್ಟಕದಲ್ಲಿ ಎಷ್ಟು ವರ್ಷದ ಭಾಷೆ ಕಡ್ಡಾಯ, ಎಷ್ಟು ಅಪೇಕ್ಷಿತ ಎಂದು ಒಂದು ಸಾಲು ಇರುತ್ತದೆ. ಕಾಲೇಜಿನ ಹೆಸರಿನ ಜೊತೆ ಹಾಕಿ ಹುಡುಕಿ, ಸಿಗುತ್ತದೆ. ಅದರ ಕೆಳಗೆ ಸಿ7 ಇದೆ, ಅದು ಇನ್ನೂ ಮುಖ್ಯ. ಅಲ್ಲಿ ಹೆಚ್ಚುಕಮ್ಮಿ ಎಲ್ಲ ದೊಡ್ಡ ಕಾಲೇಜುಗಳೂ ಮಗು ಎಷ್ಟು ಗಟ್ಟಿ ಸಬ್ಜೆಕ್ಟ್ ತಗೊಂಡಿದೆ ಎಂಬುದನ್ನು 'ಬಹಳ ಮುಖ್ಯ' ಎಂದು ಗುರುತು ಹಾಕಿರುತ್ತವೆ.

ಆ 'ಗಟ್ಟಿ'ಯನ್ನು ಅಳೆಯುವುದು ಯಾರು? ನಿಮ್ಮ ಸ್ಕೂಲ್ ಕೌನ್ಸೆಲರ್. ಕಾಮನ್ ಆಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಅರ್ಜಿ) ಅವರು ತುಂಬುವ ಸ್ಕೂಲ್ ರಿಪೋರ್ಟಿನಲ್ಲಿ, ನಮ್ಮ ಸ್ಕೂಲಿನ ಬೇರೆ ಮಕ್ಕಳ ಜೊತೆ ಹೋಲಿಸಿದರೆ ಈ ಮಗುವಿನ ಸಬ್ಜೆಕ್ಟುಗಳು ಎಷ್ಟು ಕಷ್ಟದವು ಎಂದು ಐದು ಮೆಟ್ಟಿಲಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ಸ್ಪ್ಯಾನಿಷ್ ಬಿಟ್ಟರೆ ಆ ಟಿಕ್ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದಾ ಎಂದು ನೇರವಾಗಿ ಕೇಳಿ. ಇದಕ್ಕೆ ಉತ್ತರ ನಮ್ಮ ಯಾರ ಹತ್ತಿರವೂ ಇಲ್ಲ, ಅವರ ಹತ್ತಿರ ಇದೆ.

ಹೂಸ್ಟನ್ ಹುಳಿಯನ್ನ:

ಎಲ್ಲರ ಮಕ್ಕಳೂ ಸ್ಪ್ಯಾನಿಷ್ಷೇ. ಎದ್ದು ಕಾಣಬೇಕು ಅಂದರೆ ಲ್ಯಾಟಿನ್, ಜಪಾನೀಸ್ ತಗೋಬೇಕು. ನಮ್ಮ ಪರಿಚಯದವರ ಮಗ ಲ್ಯಾಟಿನ್ ತಗೊಂಡು ಯೇಲ್‌ಗೆ ಹೋದ.

ಫ್ರೆಂಚ್ ಮೇಡಂ:

ಹುಳಿಯನ್ನ ಸರ್, ಆ ಹುಡುಗ ಲ್ಯಾಟಿನ್ ಒಂದರಿಂದಲೇ ಹೋಗಿರಲಿಕ್ಕಿಲ್ಲ ಬಿಡಿ.

ನಾನು ಟೆಕ್ಸಸ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತೇನೆ. ಪ್ರತಿ ವರ್ಷ ಈ ಕಥೆ ನೋಡುತ್ತೇನೆ. ಸ್ಪ್ಯಾನಿಷ್ 2 ಮುಗಿಸಿ, ಎದ್ದು ಕಾಣಲು ಅಂತ ಜಪಾನೀಸ್ 1ಕ್ಕೆ ಹಾರುತ್ತಾರೆ. ಕೊನೆಗೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಎರಡು ಭಾಷೆಯ ಆರಂಭ ಇರುತ್ತದೆ, ಒಂದರಲ್ಲೂ ಮಾತು ಬರುವುದಿಲ್ಲ. ಕಾಲೇಜಿನವರು 'ಒಂದೇ ಭಾಷೆ' ಎಂದು ಬರೆಯುವುದು ಸುಮ್ನೆ ಅಲ್ಲ. ಆರಂಭದ ಎರಡು ವರ್ಷ ಬಣ್ಣದ ಹೆಸರು, ಊಟದ ಹೆಸರು, ಭೂತಕಾಲ ಅಷ್ಟೇ. ಓದು ಶುರುವಾಗುವುದು ಮೂರರ ಮೇಲೆ.

ವರ್ಷ ಎಣಿಸುವುದಕ್ಕಿಂತ ಎಲ್ಲಿಯವರೆಗೆ ಹೋದಳು ಎಂದು ನೋಡಿ. ಟ್ರೈವ್ಯಾಲಿಯವರ ಮಗಳು 10ನೇ ಕ್ಲಾಸಿಗೇ ಲೆವೆಲ್ 3 ಮುಗಿಸುತ್ತಿದ್ದಾಳೆ. 9ರಲ್ಲಿ ಶುರು ಮಾಡಿದವರು ಅಲ್ಲಿಗೆ ಬರುವುದು 11ರಲ್ಲಿ. ಅವಳು ಹಿಂದೆ ಬಿದ್ದಿಲ್ಲ.

ಆದರೂ ನನ್ನ ಮನಸ್ಸಿಗೆ ಬಂದದ್ದು ಹೇಳುತ್ತೇನೆ. ಇನ್ನೊಂದೇ ಮೆಟ್ಟಿಲು ಹತ್ತಿದರೆ ಎಪಿ ಸ್ಪ್ಯಾನಿಷ್. ಕನ್ನಡದ ಮಕ್ಕಳಿಗೆ ಅದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದ ಇದ್ದ ಹಾಗೇ ಹಲ್ಲಿಗೆ ತಾಗಿ ಬರುತ್ತವೆ. ನನ್ನ ಪಕ್ಕದ ಕ್ಲಾಸಿನ ಸ್ಪ್ಯಾನಿಷ್ ಟೀಚರ್ ನಮ್ಮ ಮಕ್ಕಳ ಉಚ್ಚಾರಣೆ ಕೇಳಿ ಖುಷಿಪಡುತ್ತಾರೆ. ಇಂಗ್ಲಿಷ್ ಮಾತ್ರ ಬರುವ ಮಕ್ಕಳು ಅದಕ್ಕೇ ತಿಣುಕುವುದು.

ಎರಡು ಮಕ್ಕಳ ಅಪ್ಪ:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಯುಸಿಯಲ್ಲಿ ಭಾಷೆಯನ್ನು ಲೆವೆಲ್ ನೋಡಿಯೇ ಎಣಿಸುತ್ತಾರೆ. ಲೆವೆಲ್ 3ರಲ್ಲಿ ಸಿ ಅಥವಾ ಮೇಲಿನ ಗ್ರೇಡ್ ಬಂದರೆ ಕೆಳಗಿನ ಎರಡೂ ಆದಂತೆ. ಮಿಡಲ್ ಸ್ಕೂಲಿನದ್ದು ಲೆಕ್ಕಕ್ಕೆ ಬರುತ್ತೋ ಇಲ್ಲವೋ ಎಂಬ ಚಿಂತೆ ಅಲ್ಲಿ ಇಲ್ಲ. ಆ ಗ್ರೇಡು ಮಾತ್ರ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುವುದಿಲ್ಲ.

ಜಿಪಿಎ ಆಸೆಗೆ ಎಪಿ ಸ್ಪ್ಯಾನಿಷ್ ತಗೊಳ್ಳುವುದಾದರೆ, ಎಪಿ ಕಂಪ್ಯೂಟರ್ ಸೈನ್ಸಿಗೂ ಎಪಿಗೆ ಕೊಡುವ ಅದೇ ಹೆಚ್ಚುವರಿ ಗ್ರೇಡ್ ಪಾಯಿಂಟ್ ಸಿಗುತ್ತದೆ. ಯುಸಿಯವರು ಆ ಪಾಯಿಂಟನ್ನು ಒಟ್ಟು 8 ಸೆಮಿಸ್ಟರಿಗೆ ಮಾತ್ರ ಕೊಡುತ್ತಾರೆ. ಆ ಲೆಕ್ಕದಲ್ಲಿ ಎರಡೂ ಒಂದೇ.

ಹೂಸ್ಟನ್ ಹುಳಿಯನ್ನ:

ಸರಿ, ಲ್ಯಾಟಿನ್ ಮಾತು ವಾಪಸ್. ಚೈನೀಸ್? ನಮ್ಮ ಸ್ಕೂಲಿನಲ್ಲಿ ಮನೆಯಲ್ಲೇ ಚೈನೀಸ್ ಮಾತಾಡುವ ಮಕ್ಕಳು ಎಪಿ ಪರೀಕ್ಷೆಯಲ್ಲಿ 5ಕ್ಕೆ 5 ಹೊಡೆದು ಹೋಗುತ್ತಾರೆ. ಅವರ ಜೊತೆ ನಮ್ಮವರನ್ನು ಹೋಲಿಸಿದರೆ ನ್ಯಾಯವಾ?

ಫ್ರೆಂಚ್ ಮೇಡಂ:

ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನವರೇ ಭಾಷೆಯ ಎಪಿ ಫಲಿತಾಂಶ ಹಾಕುವಾಗ ಎರಡು ಸಾಲು ಮಾಡುತ್ತಾರೆ. ಎಲ್ಲರದ್ದೂ ಸೇರಿದ್ದು ಒಂದು, ಭಾಷೆಯನ್ನು ಮುಖ್ಯವಾಗಿ ಇಲ್ಲಿನ ಕ್ಲಾಸಿನಲ್ಲೇ ಕಲಿತವರದ್ದು ಇನ್ನೊಂದು. ಚೈನೀಸ್‌ನಲ್ಲಿ ಆ ಎರಡರ ನಡುವೆ ದೊಡ್ಡ ಅಂತರ ಇರುತ್ತದೆ. ಆದರೆ ಮಗುವಿನ ಸ್ಕೋರು ಸ್ಕೋರೇ, ಅದಕ್ಕೆ ರಿಯಾಯಿತಿ ಇಲ್ಲ.

ಒಂಟಿಕೊಪ್ಪಲ್ ಹುಡುಗ:

ಎಲ್ಲಾ ಸರಿ, ನನಗೆ ಈ ಕಾಲೇಜುಗಳ ಧೋರಣೆಯೇ ಹಿಡಿಸುವುದಿಲ್ಲ. ಹೈಸ್ಕೂಲು ಮಕ್ಕಳಿಗೆ ಮೂರು ವರ್ಷ, ನಾಲ್ಕು ವರ್ಷ ಭಾಷೆ ಓದಿ ಬನ್ನಿ ಅನ್ನುತ್ತಾರೆ. ಅದೇ ಅಮೆರಿಕದ ಕಾಲೇಜುಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಓದುವವರ ಸಂಖ್ಯೆ 2016ರಿಂದ 2021ಕ್ಕೆ 16.6% ಇಳಿದಿದೆ ಎಂದು ಅಲ್ಲಿನ ಭಾಷಾ ಪ್ರಾಧ್ಯಾಪಕರ ಸಂಘ ಎಂಎಲ್‌ಎ ಲೆಕ್ಕ ಕೊಟ್ಟಿದೆ. ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿ 2023ರಲ್ಲಿ ವಿದೇಶಿ ಭಾಷೆಗಳ ಡಿಗ್ರಿಗಳನ್ನೇ ಮುಚ್ಚುವ ತೀರ್ಮಾನ ಮಾಡಿತು. ತಾವು ಬಾಗಿಲು ಹಾಕಿಕೊಂಡು ಮಕ್ಕಳಿಗೆ ಪಾಠ ಹೇಳುತ್ತಾರೆ.

ಜೋರಾಗಿ ಏರಿದ್ದು ಕೊರಿಯನ್. ಕೆ-ಪಾಪ್ ಪುಣ್ಯ. ಅಡ್ಮಿಷನ್ ಆಫೀಸಿನ ಸಲಹೆಗಿಂತ ಹಾಡಿಗೇ ಜಾಸ್ತಿ ಶಕ್ತಿ.

ಎರಡು ಮಕ್ಕಳ ಅಪ್ಪ:

ಅಂಕಿ ಸರಿ. ಆದರೆ ಮುಚ್ಚುವವರು ಬೇರೆ, ನಾಲ್ಕು ವರ್ಷ ಕೇಳುವವರು ಬೇರೆ. ಪ್ರಿನ್ಸ್‌ಟನ್, ಕೊಲಂಬಿಯಾಗಳಲ್ಲಿ ಡಿಗ್ರಿ ಓದುವಾಗಲೂ ಭಾಷೆ ಕಡ್ಡಾಯ, ಇಂಜಿನಿಯರಿಂಗಿನವರಿಗೆ ಮಾತ್ರ ವಿನಾಯಿತಿ. ಜಾರ್ಜ್‌ಟೌನ್‌ನ ಫಾರಿನ್ ಸರ್ವಿಸ್ ಸ್ಕೂಲಿನಲ್ಲಿ ಭಾಷೆಯಲ್ಲಿ ಪರೀಕ್ಷೆ ಪಾಸಾಗದೆ ಡಿಗ್ರಿಯೇ ಇಲ್ಲ. ಅಂತಹ ಕಡೆಗೆ ಅರ್ಜಿ ಹಾಕುವ ಮಗು 10ರಲ್ಲೇ ಭಾಷೆ ಬಿಟ್ಟರೆ ಓದುವವರ ಹುಬ್ಬು ಏರುತ್ತದೆ. ಕಂಪ್ಯೂಟರ್ ಸೈನ್ಸಿಗೆ ಹಾಕುವವಳು ಬಿಟ್ಟು, ಆ ಜಾಗಕ್ಕೆ ಅದಕ್ಕಿಂತ ಗಟ್ಟಿ ಸಬ್ಜೆಕ್ಟ್ ತಂದರೆ ಅಷ್ಟು ಏರುವುದಿಲ್ಲ. ಬಿಟ್ಟ ಜಾಗದಲ್ಲಿ ಫ್ರೀ ಪೀರಿಯಡ್ ಇದ್ದರೆ ಬೇರೆ ಮಾತು.

ಮೊಂಟಾನಾ ಮಲೆನಾಡು:

ನಾವಿರುವ ಊರಿನ ಸ್ಕೂಲಿನಲ್ಲಿ ಸ್ಪ್ಯಾನಿಷ್ 2ರ ಮೇಲೆ ಕ್ಲಾಸೇ ಇಲ್ಲ. ಒಬ್ಬರೇ ಟೀಚರ್. ನಮ್ಮಂಥವರ ಮಕ್ಕಳು ಏನು ಮಾಡಬೇಕು?

ಎರಡು ಮಕ್ಕಳ ಅಪ್ಪ:

ಕೌನ್ಸೆಲರ್ ಕಳಿಸುವ ಸ್ಕೂಲ್ ಪ್ರೊಫೈಲಿನಲ್ಲಿ ಏನೇನು ಸಬ್ಜೆಕ್ಟ್ ಇವೆ ಎಂದು ಇರುತ್ತದೆ. ಇಲ್ಲದ್ದನ್ನು ತಗೊಳ್ಳಲಿಲ್ಲ ಎಂದು ಯಾರೂ ದೂರುವುದಿಲ್ಲ. ಪ್ರೊಫೈಲಿನಲ್ಲಿ ಅದು ಕಾಣುವಂತೆ ಬರೆದಿದ್ದಾರಾ ಎಂದು ಮಾತ್ರ ನೋಡಿಕೊಳ್ಳಿ. ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಕಾಲೇಜು) ಆನ್‌ಲೈನ್ ಕ್ಲಾಸೂ ಆಗುತ್ತದೆ. ಅಲ್ಲಿನ ಒಂದು ಸೆಮಿಸ್ಟರನ್ನು ಸಾಮಾನ್ಯವಾಗಿ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ ಎಂದು ನೋಡುತ್ತಾರೆ.

ಟ್ರೈವ್ಯಾಲಿ ಅಮ್ಮ:

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಸಿ5 ನೋಡಿದೆ, ನಿಜವಾಗಿಯೂ ಒಂದೇ ಸಾಲು! ಕನ್ನಡದ ವಿಷಯ ಯಾರಾದರೂ ಹೇಳಿ.

ಕೂಪರ್ಟಿನೊ ಕೋಸಂಬರಿ:

ಇದು ನಾನು ಹೇಳಬಹುದು, ಮಗ ಇದೇ ದಾರಿಯಲ್ಲಿ ಹೋದ.

ಮನೆಯಲ್ಲಿ ಮಾತಾಡುವ ಕನ್ನಡಕ್ಕೆ ತಾನಾಗಿ ಕ್ರೆಡಿಟ್ ಸಿಗುವುದಿಲ್ಲ. ಎಪಿಯಲ್ಲಿ ಕನ್ನಡ ಇಲ್ಲ. ಹಿಂದಿಯೂ ಇಲ್ಲ, ತಮಿಳೂ ಇಲ್ಲ. ಭಾರತದ ಒಂದು ಭಾಷೆಯೂ ಇಲ್ಲ. ಹಾಗಾದರೆ ತೋರಿಸುವುದು ಹೇಗೆ? 'ಅವಂಟ್' ಎಂಬ ಸಂಸ್ಥೆ ಸ್ಟ್ಯಾಂಪ್ ಎಂಬ ಪರೀಕ್ಷೆ ನಡೆಸುತ್ತದೆ. ಅದರಲ್ಲಿ ಬರೆಯುವುದು ಮತ್ತು ಮಾತಾಡುವುದು ಮಾತ್ರ ಇರುವ ಒಂದು ಬಗೆಯಲ್ಲಿ ಕನ್ನಡ ಇದೆ. ಕ್ರೆಡಿಟ್ ಕೊಡುವುದು ಬಿಡುವುದು ನಿಮ್ಮ ಊರಿನ ಸ್ಕೂಲುಗಳನ್ನು ನೋಡಿಕೊಳ್ಳುವ ಸ್ಕೂಲ್ ಡಿಸ್ಟ್ರಿಕ್ಟಿಗೆ ಬಿಟ್ಟದ್ದು. ಡಿಸ್ಟ್ರಿಕ್ಟ್ ಆಫೀಸಿಗೆ ಮೊದಲೇ ಇಮೇಲ್ ಮಾಡಿ, ಲಿಖಿತ ಉತ್ತರ ತಗೊಳ್ಳಿ. ನಾನು ಫೋನಿನಲ್ಲಿ ಕೇಳಿದಾಗ ಎತ್ತಿದವರು "ಕೆನಡಾನಾ?" ಎಂದರು. ಅಲ್ಲಿಂದ ಶುರು.

ಮಗನ ಮಾತು ಸಲೀಸು. ಆದರೆ ಅದು ಅಡುಗೆಮನೆ ಕನ್ನಡ. "ಅಮ್ಮ ಹಸಿವು, ಏನಿದೆ" ತನಕ ಸರಿ. "ನಿಮ್ಮ ಊರಿನಲ್ಲಿ ನೀರಿನ ಸಮಸ್ಯೆ ಬಗ್ಗೆ ಹೇಳು" ಎಂದರೆ ಎರಡನೇ ವಾಕ್ಯಕ್ಕೇ ಇಂಗ್ಲಿಷ್ ನುಗ್ಗುತ್ತಿತ್ತು. ಆಮೇಲೆ ಹಾಸನದಲ್ಲಿರುವ ನಮ್ಮ ಮಾವನವರು ಹೊಣೆ ಹೊತ್ತರು. ದಿನಾ ಅವರ ಬೆಳಿಗ್ಗೆ, ನಮ್ಮ ರಾತ್ರಿ, ವಾಟ್ಸಾಪಿನಲ್ಲಿ ಒಂದು ಪ್ರಶ್ನೆ ಬರುತ್ತಿತ್ತು. ಹೇಮಾವತಿ ಯಾಕೆ ತುಂಬಿಲ್ಲ, ಹಳ್ಳಿ ಬಿಟ್ಟು ಜನ ಯಾಕೆ ಬೆಂಗಳೂರಿಗೆ ಹೋಗುತ್ತಾರೆ, ಹೀಗೆ. ಇವನು ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಬೇಕು. ಅವರು "ಚೆನ್ನಾಗಿತ್ತು ಕಣಪ್ಪ, ಆದರೆ 'ಸೋ' ಎಂಟು ಸಲ ಅಂದೆ" ಎಂದು ವಾಪಸ್ ಕಳಿಸುತ್ತಿದ್ದರು. ಬರವಣಿಗೆ ಅದಕ್ಕಿಂತ ಕಷ್ಟ. ಒತ್ತಕ್ಷರ ಎಲ್ಲವೂ ಕೈಕೊಟ್ಟವು. ಅವನ 'ಶಾಲೆ' ಸರಿ ಇರುತ್ತಿತ್ತು, 'ವಿದ್ಯಾರ್ಥಿ' ದಿನಕ್ಕೊಂದು ರೂಪ ತಾಳುತ್ತಿತ್ತು.

ಒಂದು ಮುಖ್ಯ ವಿಷಯ. ಸೀಲ್ ಆಫ್ ಬೈಲಿಟರಸಿ ಎಂದು ಎರಡು ಭಾಷೆ ಬಲ್ಲ ಮಕ್ಕಳಿಗೆ ಡಿಪ್ಲೊಮಾ ಮೇಲೆ ಒಂದು ಮುದ್ರೆ ಹಾಕುತ್ತಾರೆ. ಮೊದಲು ಶುರುವಾದದ್ದೇ ಕ್ಯಾಲಿಫೋರ್ನಿಯಾದಲ್ಲಿ, 2011ರ ಕಾನೂನಿನಿಂದ. ಎಲ್ಲರೂ ಅದಕ್ಕೆ ಕಾಯುತ್ತಾರೆ. ಆದರೆ ಅದು ಸಿಗುವುದು 12 ಮುಗಿದಾಗ. ಕಾಲೇಜ್ ಅರ್ಜಿ ಹೋಗುವುದು 12ರ ನವೆಂಬರ್, ಡಿಸೆಂಬರಿನಲ್ಲಿ. ಮುದ್ರೆ ಬರುವ ಹೊತ್ತಿಗೆ ಅಡ್ಮಿಷನ್ ಮುಗಿದಿರುತ್ತದೆ! ಅರ್ಜಿಯಲ್ಲಿ ತೋರಿಸಬೇಕು ಅಂದರೆ 11ರೊಳಗೆ ಪರೀಕ್ಷೆ ಬರೆಸಿ, ಫಲಿತಾಂಶ ಕೈಯಲ್ಲಿಟ್ಟುಕೊಳ್ಳಿ.

ಕಾಮನ್ ಆಪ್‌ನ ಪ್ರೊಫೈಲಿನಲ್ಲಿ ಬರುವ ಭಾಷೆಗಳನ್ನು ಹಾಕುವ ಜಾಗ ಇದೆ. ಮೊದಲ ಭಾಷೆಯಾ, ಮಾತಾಡುತ್ತೀಯಾ, ಓದುತ್ತೀಯಾ, ಬರೆಯುತ್ತೀಯಾ, ಮನೆಯಲ್ಲಿ ಆಡುತ್ತೀರಾ ಎಂದು ಟಿಕ್ ಹಾಕಬೇಕು. ಅಲ್ಲಿ ಕನ್ನಡ ಹಾಕಲು ಯಾವ ಪರೀಕ್ಷೆಯೂ ಬೇಡ. ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿದ್ದರೆ ಅದನ್ನು ಆಕ್ಟಿವಿಟಿ ಪಟ್ಟಿಯಲ್ಲಿ ಬರೆಯಿರಿ. ಆ ಪಟ್ಟಿಯಲ್ಲಿ ಹತ್ತೇ ಜಾಗ, ಒಂದೊಂದರ ವಿವರಕ್ಕೆ 150 ಅಕ್ಷರ. ಕನ್ನಡಕ್ಕೆ ಒಂದು ಜಾಗ ಕೊಡಬಹುದು.

ರಾಲಿ ರಾಗಿಮುದ್ದೆ:

ಕೋಸಂಬರಿಯವರೇ, ಅಂದರೆ ಕನ್ನಡ ಇದ್ದರೆ ಸ್ಪ್ಯಾನಿಷ್ ಬೇಡವೇ ಬೇಡ ಅಂತಲಾ?

ಕೂಪರ್ಟಿನೊ ಕೋಸಂಬರಿ:

ಅಲ್ಲ. ಮಗ ಸ್ಪ್ಯಾನಿಷ್ ಬಿಡಲಿಲ್ಲ, ಎಪಿ ತನಕ ಓದಿದ. ಎಪಿ ಸ್ಪ್ಯಾನಿಷ್ ಪರೀಕ್ಷೆಯಲ್ಲಿ ಕೊನೆಗೆ ಎರಡು ನಿಮಿಷ ಮಾತಾಡುವುದಿತ್ತು. ಸ್ಪ್ಯಾನಿಷ್ ನಾಡಿನ ಒಂದು ಆಚರಣೆಯನ್ನು ನಮ್ಮ ಸಮುದಾಯದ್ದರ ಜೊತೆ ಹೋಲಿಸಬೇಕು. ಇವನು ಮನೆಯಲ್ಲಿ ಅಭ್ಯಾಸಕ್ಕೆ ಮೆಕ್ಸಿಕೋದಲ್ಲಿ ಸತ್ತವರಿಗೆ ಇಡುವ ಊಟವನ್ನೂ ನಮ್ಮ ಪಿತೃಪಕ್ಷದ ಎಡೆಯನ್ನೂ ಇಟ್ಟುಕೊಂಡಿದ್ದ. ಅಲ್ಲಿ ಚೆಂಡುಹೂವು, ಇಲ್ಲೂ ಚೆಂಡುಹೂವು. ಅಲ್ಲಿ ತೀರಿಕೊಂಡವರಿಗೆ ಇಷ್ಟವಾದ ತಿಂಡಿ, ಇಲ್ಲೂ ಅದೇ. ಹೋಳಿಗೆಗೆ ಸ್ಪ್ಯಾನಿಷ್‌ನಲ್ಲಿ ಏನು ಹೇಳಲಿ ಎಂದು ಕೇಳಿದ. ಹೋಳಿಗೆ ಅಂತಲೇ ಹೇಳು ಎಂದೆ.

ಎರಡು ಭಾಷೆಯೂ ಇರಲಿ ಅನ್ನುವುದು ನನ್ನ ಆಸೆ. ಆದರೆ ಅದು ನನ್ನ ಆಸೆ, ಕಾಲೇಜಿನ ನಿಯಮ ಅಲ್ಲ.

ಶಿವಮೊಗ್ಗ ತಂದೆ:

ನಮಸ್ಕಾರ, ನಾನು ಇಲ್ಲಿಂದಲೇ ಓದುತ್ತಿದ್ದೇನೆ. ಮಗ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯು ಸೈನ್ಸ್ ಸೇರುತ್ತಾನೆ. ನಮ್ಮಲ್ಲಿ ಭಾಷೆ ಅಂದರೆ ಅಂಕದ ಲೆಕ್ಕ ಅಷ್ಟೇ. ಸಂಸ್ಕೃತ, ಫ್ರೆಂಚ್ ತಗೊಂಡರೆ ನೂರಕ್ಕೆ ನೂರರ ಹತ್ತಿರ ಬರುತ್ತದೆ ಎಂದು ಎಲ್ಲರೂ ಅದಕ್ಕೇ ನುಗ್ಗುತ್ತಾರೆ. ಸಿಇಟಿ ಇಂಜಿನಿಯರಿಂಗ್ ರ್‍ಯಾಂಕಿಗೆ ಭಾಷೆಯ ಅಂಕ ಬೇಡವೇ ಬೇಡ. ಪಿಯುನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅರ್ಧ, ಸಿಇಟಿ ಅರ್ಧ. ಮಗನಿಗೆ ಅಮೆರಿಕದಲ್ಲಿ ಡಿಗ್ರಿ ಮಾಡುವ ಆಸೆ ಇದೆ. ಅದಕ್ಕಾಗಿ ಫ್ರೆಂಚ್ ಕೊಡಿಸಬೇಕಾ?

ಎರಡು ಮಕ್ಕಳ ಅಪ್ಪ:

ಬೇಡ ಸರ್. ಅವನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಮೂರು ಭಾಷೆ ಕೂತಿವೆ. ಇಲ್ಲಿನ ಎಷ್ಟೋ ಮಕ್ಕಳಿಗೆ ಒಂದಕ್ಕೇ ತಿಣುಕಾಟ. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಯುಸಿಯಂಥ ಕಡೆ ಹೈಸ್ಕೂಲಿನ ಆ ವರ್ಷಗಳನ್ನೇ ಭಾಷೆಯ ಲೆಕ್ಕಕ್ಕೆ ಒಪ್ಪುತ್ತಾರೆ. ಪಿಯುನಲ್ಲಿ ಅವನಿಗೆ ಇಷ್ಟದ ಭಾಷೆ ಇಟ್ಟುಕೊಳ್ಳಲಿ. ಕನ್ನಡ ತಗೊಂಡರೂ ಏನೂ ಕಡಿಮೆ ಆಗಲ್ಲ. ನಿಮ್ಮ ಚಿಂತೆ ಬೇರೆ ಕಡೆ ಇರಲಿ: ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್, ಮತ್ತು ಫೀಸು. ಫೀಸು ಮೊದಲು.

ಮ್ಯೂನಿಕ್ ಮಾವಿನಕಾಯಿ:

ಜರ್ಮನಿಯ ಮಾತು ಒಂದು ಸಾಲು. ಇಲ್ಲಿ ಈ 'ಇದ್ದರೆ ಚೆನ್ನ' ಆಟ ಇಲ್ಲ. ಅಬಿಟೂರ್ (ಯೂನಿವರ್ಸಿಟಿ ಸೇರಲು ಬೇಕಾದ ಸ್ಕೂಲಿನ ಕೊನೆಯ ಸರ್ಟಿಫಿಕೇಟ್) ಬೇಕೆಂದರೆ ಎರಡು ವಿದೇಶಿ ಭಾಷೆ ಓದಿರಲೇಬೇಕು, ಅದಕ್ಕೇ ನನ್ನ ಮಗಳು ಗೊಣಗುತ್ತಾ ಲ್ಯಾಟಿನ್ ಓದುತ್ತಿದ್ದಾಳೆ. ಹೊರಗಿನಿಂದ ಬರುವವರು ಜರ್ಮನ್‌ನಲ್ಲಿ ನಡೆಯುವ ಡಿಗ್ರಿಗೆ ಸೇರಲು ಟೆಸ್ಟ್‌ಡಾಫ್ ಅಥವಾ ಡಿಎಸ್‌ಎಚ್‌ನಂಥ ಜರ್ಮನ್ ಭಾಷೆಯ ಪರೀಕ್ಷೆ ಪಾಸಾಗಬೇಕು. ಇಲ್ಲದಿದ್ದರೆ ಬಾಗಿಲು ತೆರೆಯಲ್ಲ.

ಟ್ರೈವ್ಯಾಲಿ ಅಮ್ಮ:

ಕೌನ್ಸೆಲರ್ ಹತ್ತಿರ ಹೋಗಿ ಬಂದೆವು. ನೀವು ಹೇಳಿದ ಹಾಗೆ ನೇರವಾಗಿ ಕೇಳಿದೆ. ಸ್ಪ್ಯಾನಿಷ್ ಬಿಟ್ಟು ಎಪಿ ಕಂಪ್ಯೂಟರ್ ಸೈನ್ಸ್ ತಗೊಂಡರೆ ಟಿಕ್ ಮೇಲಿನ ಮೆಟ್ಟಿಲಲ್ಲೇ ಇರುತ್ತದಂತೆ. ಹಗುರ ಸಬ್ಜೆಕ್ಟ್ ತಗೊಂಡರೆ ಮಾತ್ರ ಇಳಿಯುತ್ತದೆ ಎಂದರು. ಹಾರ್ವರ್ಡ್, ಪ್ರಿನ್ಸ್‌ಟನ್ ಮನಸ್ಸಿನಲ್ಲಿದ್ದರೆ ಇನ್ನೊಮ್ಮೆ ಯೋಚಿಸಿ ಎಂದೂ ಹೇಳಿದರು. ಮಗಳಿಗೆ ಅವೆರಡೂ ಬೇಡ, ಅಲ್ಲಿ ಚಳಿ ಜಾಸ್ತಿಯಂತೆ. ಎಂಐಟಿ ಎಲ್ಲಿದೆ ಎಂದು ಅವಳಿಗೆ ನಾನಿನ್ನೂ ಹೇಳಿಲ್ಲ.

ಸ್ಪ್ಯಾನಿಷ್ ಬಿಡುತ್ತಿದ್ದಾಳೆ. ಕನ್ನಡ ಪರೀಕ್ಷೆಗೆ ಡಿಸ್ಟ್ರಿಕ್ಟಿಗೆ ಇಮೇಲ್ ಹಾಕಿದ್ದೇನೆ. ಪಕ್ಕದ ಮನೆಯವರಿಗೆ ಸಿ5 ಕಳಿಸಿದೆ, ಇನ್ನೂ ಉತ್ತರ ಬಂದಿಲ್ಲ.

ಫ್ರೆಂಚ್ ಮೇಡಂ:

ನನಗೆ ಸ್ವಲ್ಪ ಬೇಜಾರೇ, ಆದರೆ ಅವಳ ಪಟ್ಟಿಗೆ ತಪ್ಪೇನಿಲ್ಲ. ಸ್ಟ್ಯಾನ್‌ಫರ್ಡ್‌ಗೆ ಮಾತ್ರ ಒಂದು ಇಮೇಲ್ ಹಾಕಿ, ಮಿಡಲ್ ಸ್ಕೂಲಿನ ಸ್ಪ್ಯಾನಿಷ್ 1 ಸೇರಿಸಿ ಮೂರು ಅಂತ ನೋಡುತ್ತೀರಾ ಎಂದು ಕೇಳಿಬಿಡಿ. ಖಾಸಗಿ ಕಾಲೇಜುಗಳು ಎಲ್ಲವೂ ಒಂದೇ ರೀತಿ ಎಣಿಸುವುದಿಲ್ಲ.

ಟ್ರೈವ್ಯಾಲಿ ಅಮ್ಮ:

ಸರಿ ಮೇಡಂ, ಇವತ್ತೇ ಹಾಕಿಸುತ್ತೇನೆ. ಕೋಸಂಬರಿಯವರೇ, ಕನ್ನಡ ಟೈಪ್ ಮಾಡಲು ಮಗ ಯಾವ ಕೀಬೋರ್ಡ್ ಬಳಸಿದ?

ಕೂಪರ್ಟಿನೊ ಕೋಸಂಬರಿ:

ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಮೂಡುವ ಫೋನೆಟಿಕ್ ಕೀಬೋರ್ಡ್. ಆದರೆ ಅದರ ಸಲಹೆ ಪಟ್ಟಿ ಆಫ್ ಮಾಡಿ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಒತ್ತಕ್ಷರ ಅದೇ ಹಾಕಿಕೊಡುತ್ತದೆ, ಇವರು ಕಲಿಯುವುದಿಲ್ಲ. ಪರೀಕ್ಷೆಯ ಕಂಪ್ಯೂಟರಿನಲ್ಲಿ ಯಾವುದು ಇರುತ್ತದೆ ಎಂದು ಪರೀಕ್ಷೆ ನಡೆಸುವವರನ್ನು ಮೊದಲೇ ಕೇಳಿಕೊಳ್ಳಿ. ಮಾವನವರ ಹಳೆಯ ಪ್ರಶ್ನೆಗಳೆಲ್ಲ ಫೋನಿನಲ್ಲಿವೆ, ಬೇಕಾದರೆ ಕಳಿಸುತ್ತೇನೆ.